ಹೆಸರು ಹುಡುಕುವ ಲೆಕ್ಕ



ನಮ್ಮಜ್ಜಿಯ ಪಿಂಚಣಿಗೆ ವಯಸ್ಸಿನ ದಾಖಲೆ ಬೇಕಾಗಿತ್ತು. ಬಿಡದಿಯಿಂದ ಬಸ್ಸು ಹತ್ತಿ, ಅಜ್ಜಿ ಓದಿದ ಶಾಲೆಗೆ ಹೋದೆವು. ಅಲ್ಲಿನ ದಾಖಲಾತಿ ಪುಸ್ತಕದಲ್ಲಿ ಹೆಸರುಗಳು ಶಾಲೆಗೆ ಸೇರಿದ ತಾರೀಖಿನ ಪ್ರಕಾರ ಇದ್ದವು. ಅಜ್ಜಿಗೆ ಸೇರಿದ ವರ್ಷವೇ ನೆನಪಿಲ್ಲ! ಮೊದಲ ಪುಟದಿಂದ ಒಂದೊಂದೇ ಹೆಸರು ನೋಡಿದೆವು. ಸಂಜೆಯಾಯ್ತು. ಇದಕ್ಕೆ ಕಂಪ್ಯೂಟರಿನಲ್ಲಿ ಲೀನಿಯರ್ ಸರ್ಚ್ ಅಂತಾರೆ.

ಕಿಟೆಲ್ ಅವರ ಕನ್ನಡ ನಿಘಂಟು (1894) ಹಾಗಲ್ಲ. ಸುಮಾರು 70,000 ಪದಗಳಿದ್ದರೂ ಎಲ್ಲಾ ಅಕ್ಷರ ಕ್ರಮದಲ್ಲಿವೆ. ನಡುವಿನ ಪದ ನೋಡಿದರೆ ನಮ್ಮ ಪದ ಯಾವ ಅರ್ಧದಲ್ಲಿದೆ ಅಂತ ತಿಳಿಯುತ್ತದೆ. ಇನ್ನರ್ಧ ಬಿಟ್ಟುಬಿಡಬಹುದು. ಹೀಗೇ ಮಾಡುತ್ತಾ ಹೋದರೆ ಹೆಚ್ಚೆಂದರೆ 17 ಸಲ ನೋಡಿದರೆ ಸಾಕು! ಇದೇ ಬೈನರಿ ಸರ್ಚ್.

ಪೈಥಾನ್ ಭಾಷೆಯಲ್ಲಿ ಪಟ್ಟಿಯ ಸ್ಥಾನಗಳನ್ನು 0 ಯಿಂದ ಎಣಿಸುತ್ತಾರೆ. ಮುಖ್ಯ ಸಾಲುಗಳು ಇವು:

ನಡು = (ಮೊದಲು + ಕೊನೆ) // 2
ನಮ್ಮ ಪದ ನಡುವಿನ ಪದದ ನಂತರ ಬಂದರೆ: ಮೊದಲು = ನಡು + 1
ಅದಕ್ಕಿಂತ ಮುಂಚೆ ಬಂದರೆ: ಕೊನೆ = ನಡು - 1

ಪದ ಸಿಗುವವರೆಗೆ ಇದನ್ನೇ ಮಾಡಬೇಕು. 'ಮೊದಲು' ಎಂಬುದು 'ಕೊನೆ'ಯನ್ನು ದಾಟಿದರೆ ಆ ಪದ ಪಟ್ಟಿಯಲ್ಲಿಲ್ಲ ಎಂದರ್ಥ.

ಎಚ್ಚರಿಕೆ! ನಾನು ಆ +1 ಮರೆತಿದ್ದೆ. ಮೊದಲು 7, ಕೊನೆ 8 ಆದಾಗ ನಡು 7. ಮತ್ತೆ ಮೊದಲು 7. ಮತ್ತೆ ನಡು 7. ಪ್ರೋಗ್ರಾಂ ನಿಲ್ಲಲೇ ಇಲ್ಲ!

ಕೊನೆಗೆ ಅಜ್ಜಿಯ ಹೆಸರು ಸಿಕ್ಕಿತು. ಹಳೆಯ ಪುಸ್ತಕ ಹಾಗೇ ಇರಲಿ. ಅದರ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಬೇರೆ ಬರೆದಿಟ್ಟರೆ, ಮುಂದೆ ಬರುವ ಅಜ್ಜಿಯರು ಸಂಜೆವರೆಗೆ ಕಾಯಬೇಕಾಗಿಲ್ಲ ಅಲ್ಲವೇ?