ಕೋಟದ ಕಾರಂತರು ಹುಡುಕಿದ್ದು

ಗಂಗೊಳ್ಳಿಯಲ್ಲಿ ದೋಣಿ ಕಟ್ಟುವವರಿಗೆ ಮರ ಕೊಯ್ಯುವ ಮೊದಲೇ ಗೊತ್ತು, ಇದು ಮೀನಿಗೆ ಹೋಗುವ ದೋಣಿ ಅಂತ. ನಮ್ಮನ್ನು ಯಾವ ಕೆಲಸಕ್ಕೆಂದು ಕಟ್ಟಿದ್ದು?

1945ರಲ್ಲಿ ಪ್ಯಾರಿಸ್‌ನ ಒಂದು ಉಪನ್ಯಾಸದಲ್ಲಿ ತತ್ವಜ್ಞಾನಿ ಸಾರ್ತ್ರ್ ಹೇಳಿದ್ದು ಇದು: ಹಾಗೆ ಮೊದಲೇ ಗೊತ್ತಾದ ಕೆಲಸ ನಮಗಿಲ್ಲ. ಮನುಷ್ಯ ಮೊದಲು ಇರುತ್ತಾನೆ. ತಾನು ಏನು ಎಂಬುದನ್ನು ಆಮೇಲೆ, ತನ್ನ ಆಯ್ಕೆಗಳಿಂದ ತಾನೇ ಕಟ್ಟಿಕೊಳ್ಳುತ್ತಾನೆ. ಅಸ್ತಿತ್ವವಾದದ ಬೇರು ಇಲ್ಲಿದೆ.

ಬೈಂದೂರು ಕಡೆಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರ ನವ್ಯಕಾವ್ಯದಲ್ಲೂ ತಾನು ಏನು ಎಂಬ ತಳಮಳ ಉಂಟು. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಶಿವರಾಮ ಕಾರಂತರ ಕಾದಂಬರಿ ‘ಅಳಿದ ಮೇಲೆ’. ಕಾರಂತರು ನಮ್ಮ ಕೋಟದವರು, ಈಗಿನ ಬ್ರಹ್ಮಾವರ ತಾಲೂಕು.

ಅದರಲ್ಲಿ ಯಶವಂತರಾಯ ಎಂಬವನು ತೀರಿಕೊಳ್ಳುತ್ತಾನೆ. ಅವನ ಹಣ, ಅವನ ಬರಹ ನಿರೂಪಕನ ಕೈ ಸೇರುತ್ತವೆ. ನಿರೂಪಕ ಊರೂರು ಅಲೆದು ಅವನನ್ನು ಬಲ್ಲವರನ್ನು ಹುಡುಕುತ್ತಾನೆ. ಒಬ್ಬರು ಹೇಳುವ ಯಶವಂತ ಒಂದು ತರಹ, ಇನ್ನೊಬ್ಬರು ಹೇಳುವವನು ಬೇರೆಯೇ. ಅಷ್ಟಾದರೂ ಅವನ ಒಂದು ಹಂಬಲ ಮಾತ್ರ ಸ್ಪಷ್ಟ: ಪಡೆದದ್ದಕ್ಕಿಂತ ಹೆಚ್ಚು ಕೊಟ್ಟು ಹೋಗಬೇಕು. ಸಾರ್ತ್ರ್ ಸ್ವಾತಂತ್ರ್ಯದಿಂದ ಶುರುಮಾಡಿದರೆ, ಕಾರಂತರು ಋಣದಿಂದ ಶುರುಮಾಡುತ್ತಾರೆ. ಈ ವ್ಯತ್ಯಾಸ ನನಗೆ ಬಹಳ ದೊಡ್ಡದು.

ಮುಂದಿನ ಸಲ ಕುಂದಾಪುರದಲ್ಲಿ ರೈಲು ಹತ್ತುವಾಗ ಈ ಕಾದಂಬರಿ ಚೀಲದಲ್ಲಿರಲಿ. ಯಶವಂತನ ಮತ್ತು ನಿರೂಪಕನ ಪರಿಚಯವೂ ರೈಲಿನಲ್ಲೇ ಆದದ್ದು.