ಬೇಸಿಗೆ ಶಿಬಿರಕ್ಕೆ ಒಂದು ತಟ್ಟೆ

ಆಹಾರದ ಹಕ್ಕಿನ ಬಗ್ಗೆ ಪಿಯುಸಿಎಲ್ ಸಂಘಟನೆ 2001ರಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದು ಒಂದು ಆದೇಶ ಹೊರಡಿಸಿತು. ಬರ ಬಿದ್ದ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟ ಕೊಡಬೇಕು ಎಂಬ ಮಾತು ಅದರಲ್ಲಿತ್ತು. ಬೇಸಿಗೆ ಶಿಬಿರದ ಯೋಚನೆ ನ್ಯಾಯಮೂರ್ತಿಗಳ ತಲೆಯಲ್ಲಿ ಇದ್ದಿರಲಾರದು. ಆದರೂ ಚಿಕ್ಕಮಗಳೂರು ಜಿಲ್ಲೆಯ ಯಗಟಿ, ಅಜ್ಜಂಪುರ ಕಡೆಯ ಬಯಲು ಊರುಗಳ ಮಟ್ಟಿಗೆ, ರಜೆಯಲ್ಲಿ ಮಗು ದಿನಾ ಮನೆಯಿಂದ ಹೊರಟು, ಓರಗೆಯವರ ಜೊತೆ ಒಂದು ಕಡೆ ಸೇರಿ, ಉಂಡು ಮರಳುವ ಏರ್ಪಾಡಿನ ಬೇರು ಈ ಆದೇಶದಲ್ಲೇ ಇದೆ ಎಂಬುದು ನನ್ನ ವಾದ. ಶಿಬಿರದ ಚರಿತ್ರೆ ಹೇಳುವವರು ಯಾರೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅವರು ಹೇಳುವ ಚರಿತ್ರೆಯೇ ಬೇರೆ. ಅದು ಬೆಂಗಳೂರಿನ ಚಾಮರಾಜಪೇಟೆಯಿಂದ ಶುರುವಾಗುತ್ತದೆ. ‘ಸರಸ್ವತಿ’ ಪತ್ರಿಕೆ ನಡೆಸುತ್ತಿದ್ದ ಆರ್. ಕಲ್ಯಾಣಮ್ಮ 1938ರಲ್ಲಿ ಅಲ್ಲಿ ಮಕ್ಕಳ ಕೂಟ ಕಟ್ಟಿದರು. ಆಮೇಲೆ ಕಬ್ಬನ್ ಪಾರ್ಕಿನ ಬಾಲಭವನ ಬಂತು, ಪುಟಾಣಿ ರೈಲು ಬಂತು. ಅತ್ತ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ತಮ್ಮದೇ ಪ್ರಯೋಗಗಳಲ್ಲಿ ಮುಳುಗಿದ್ದರು.

ನಮ್ಮ ಕಡೆ ಆಗ ರಜೆಗೆ ಮಕ್ಕಳನ್ನು ಅಣಿಗೊಳಿಸುವ ಬಗೆ ಒಂದೇ: ಹರಳೆಣ್ಣೆ. ಏಪ್ರಿಲ್ ಹತ್ತಕ್ಕೆ ಪಾಸು-ಫೇಲು ಗೊತ್ತಾದ ಮಾರನೆಯ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಬಿಸಿ ಕಾಫಿಗೆ ಬೆರೆಸಿದ ಹರಳೆಣ್ಣೆ. ಲೋಟದ ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತಿರುತ್ತಿದ್ದವು. ಅಜ್ಜಿ ಮೂಗು ಹಿಡಿದರೆ ಅಮ್ಮ ಬಾಯಿಗೆ ಸುರಿಯುತ್ತಿದ್ದಳು. ಮಧ್ಯಾಹ್ನಕ್ಕೆ ತಿಳಿಸಾರು, ಮೆತ್ತನೆ ಅನ್ನ. ಮಾರನೆಯ ದಿನ ಎಣ್ಣೆನೀರು. ಮೂರನೆಯ ದಿನ ಅಜ್ಜಿ ಮನೆಯ ಬಸ್ಸು. ವರ್ಷವಿಡೀ ಕಂಡಕಂಡದ್ದು ತಿಂದ ಹೊಟ್ಟೆ ತೊಳೆದು, ಮುಂದಿನ ಮಾವಿನಹಣ್ಣಿಗೆ ಜಾಗ ಮಾಡಿಕೊಡುವ ಈ ಕ್ರಮಕ್ಕೆ ಯಾರೂ ಅರ್ಜಿ ತುಂಬಬೇಕಿರಲಿಲ್ಲ.

ಶಿಬಿರದ ಕಥೆಯಲ್ಲಿ ನನಗೆ ಅಚ್ಚುಮೆಚ್ಚಿನ ವ್ಯಕ್ತಿ ಬಿ.ವಿ. ಕಾರಂತ. 1929ರಲ್ಲಿ ಬಂಟ್ವಾಳ ಕಡೆಯ ಮಂಚಿಯ ಬಾಬುಕೋಡಿಯಲ್ಲಿ ಹುಟ್ಟಿದ ಈ ಹುಡುಗ ಬಾಲ್ಯದಲ್ಲೇ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಬಣ್ಣ ಹಚ್ಚಿದ. ಹಚ್ಚಿದ ಬಣ್ಣ ಇಳಿಯಲಿಲ್ಲ. ಮನೆಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ. ಹೀಗೆ ಓಡಿಹೋದ ಹುಡುಗನನ್ನು ಎಂ.ಎ. ಓದಲು ಕಾಶಿಗೆ ಕಳಿಸಿದ್ದು ಅದೇ ಕಂಪನಿಯ ಗುಬ್ಬಿ ವೀರಣ್ಣನವರು! ನಾಟಕ ಮಕ್ಕಳನ್ನು ಹಾಳು ಮಾಡುತ್ತದೆ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಮುಂದೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟ್ರಾಗಿದ್ದ ಕಾರಂತರು, ಟ್ಯಾಗೋರರ ಗಿಳಿಯ ಕಥೆಯನ್ನು ‘ಪಂಜರ ಶಾಲೆ’ ಎಂದು ಕನ್ನಡಕ್ಕೆ ನಾಟಕವಾಗಿ ತಂದರು. ಹಾಡಿಕೊಂಡು ಹಾರಾಡಿಕೊಂಡಿದ್ದ ಹಕ್ಕಿಗೆ ವಿದ್ಯೆ ಕಲಿಸಲು ರಾಜ ಹೊರಡುತ್ತಾನೆ. ಚಿನ್ನದ ಪಂಜರ, ಪಂಡಿತರ ಹಿಂಡು, ಮೇಲ್ವಿಚಾರಕರ ಸಂಬಳ ಎಲ್ಲವೂ ಆಗುತ್ತದೆ. ಪುಸ್ತಕದ ಹಾಳೆ ತುರುಕಿ ತುರುಕಿ ಕೊನೆಗೆ ಹಕ್ಕಿ ಸಾಯುತ್ತದೆ. ಹೊಟ್ಟೆ ಒತ್ತಿದರೆ ಕಾಗದದ ಸದ್ದು. ಮಕ್ಕಳು ಈ ನಾಟಕಕ್ಕೆ ಬಿದ್ದು ಬಿದ್ದು ನಗುತ್ತಾರೆ. ನಗು ಬರದೆ ಕೂರುವವರು ಅಪ್ಪಅಮ್ಮಂದಿರು.

ಅವರ ಪತ್ನಿ ಪ್ರೇಮಾ ಕಾರಂತರು 1979ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರ ಶುರುಮಾಡಿದರು. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ಸಾರಥ್ಯದಲ್ಲಿ ರಂಗಾಯಣ ಎದ್ದಿತು. ಅದೇ ಅಂಗಳದಲ್ಲಿ ಮುಂದೆ ಬೆಳೆದ ‘ಚಿಣ್ಣರ ಮೇಳ’ದ ಅರ್ಜಿಗೆ ಅಪ್ಪಅಮ್ಮಂದಿರು ಸರದಿ ಸಾಲಿನಲ್ಲಿ ಕಾದು ನಿಂತದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಮಗ ನಾಟಕಕ್ಕೆ ಓಡಿಹೋದನೆಂದು ಹುಡುಕಾಡಿದ ಕಾಲ ಹೋಗಿ, ಮಗನನ್ನು ನಾಟಕಕ್ಕೆ ಸೇರಿಸಲು ತಂದೆಯೇ ನಿದ್ದೆಗೆಡುವ ಕಾಲ ಒಂದೇ ಮನುಷ್ಯನ ಜೀವನದ ಸುತ್ತಮುತ್ತ ಬಂದುಬಿಟ್ಟಿತು.

ಅಲ್ಲಿಂದಾಚೆ ಬೀದಿಗೊಂದು ಶಿಬಿರ. ಟೋಪಿ, ನೀರಿನ ಬಾಟಲಿ, ಹೆಸರು ಬರೆದ ಟಿಫಿನ್ ಡಬ್ಬಿ, ಬಿಸಿಲಿಗೆ ಹಚ್ಚುವ ಕ್ರೀಮು. ಅಬಾಕಸ್, ವೇದಗಣಿತ, ದುಂಡು ಅಕ್ಷರ. ಕೊನೆಯ ದಿನ ಸರ್ಟಿಫಿಕೇಟು, ಫೋಟೊ. ‘ಪಂಜರ ಶಾಲೆ’ ಆಡಿಸಿದ ಮನುಷ್ಯನ ಬಳಗ ಬೆಳೆಸಿದ ಕಲೆ ಇನ್ನೊಂದು ಪಂಜರವಾಗಲು ಹೆಚ್ಚು ವರ್ಷ ಬೇಕಾಗಲಿಲ್ಲ. ರಜೆಯಲ್ಲೂ ಮಗುವಿಗೆ ವೇಳಾಪಟ್ಟಿ ಹಾಕಿಕೊಡುವ ದುಡ್ಡಿನ ಶಿಬಿರಗಳನ್ನು ಕಂಡರೆ ಆ ಹರಳೆಣ್ಣೆಯೇ ವಾಸಿಯಿತ್ತು ಅನಿಸುತ್ತದೆ. ಅದು ಒಂದು ಬೆಳಗಿಗೆ ಮುಗಿಯುತ್ತಿತ್ತು.

ಈ ಭರಾಟೆ ಕಡೂರು ತಾಲ್ಲೂಕಿನ ಯಗಟಿಗೆ ಬರಲಿಲ್ಲ. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಕಾಫಿ, ಮಂಜು ಎನ್ನುವವರಿಗೆ 1947ರವರೆಗೆ ಈ ಜಿಲ್ಲೆಯ ಹೆಸರೇ ಕಡೂರು ಎಂದಿತ್ತೆಂಬುದು ಮರೆತುಹೋಗಿದೆ. ಹೆಸರು ಕಳೆದುಕೊಂಡ ಕಡೂರಿಗೆ ಉಳಿದದ್ದು ಮಳೆ ನೆರಳಿನ ಬಯಲು, ತೆಂಗು, ರಾಗಿ ಮತ್ತು ಕೈಕೊಡುವ ಬೋರ್‌ವೆಲ್. ಯಗಟಿಯ ಹೆಸರು ಪಾಠದ ಸುದ್ದಿಯಲ್ಲಿ ಕೇಳಿಬಂದದ್ದು 2020ರ ಬೇಸಿಗೆಯಲ್ಲಿ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಕೊರೊನಾದಿಂದ ಮುಂದೆ ಹೋಗಿ ಮಕ್ಕಳು ಮನೆಯಲ್ಲಿ ಕಂಗೆಟ್ಟು ಕೂತಿದ್ದರು. ಇದೇ ಊರಿನ ಮಾಜಿ ಶಾಸಕ ವೈ.ಎಸ್.ವಿ. ದತ್ತ ಫೇಸ್‌ಬುಕ್‌ನಲ್ಲಿ ಗಣಿತದ ಪಾಠಕ್ಕಿಳಿದರು. ಶಾಸಕರಾಗುವ ಮೊದಲೇ ಬೆಂಗಳೂರಿನಲ್ಲಿ ಟ್ಯುಟೋರಿಯಲ್ ನಡೆಸಿ ‘ದತ್ತ ಮೇಷ್ಟ್ರು’ ಎನಿಸಿಕೊಂಡವರು ಅವರು. ಪರೀಕ್ಷೆ ಜೂನ್ 25ಕ್ಕೆ ಶುರುವಾಯಿತು. ಅದು ಶಿಬಿರವಲ್ಲ, ಒಪ್ಪುತ್ತೇನೆ; ಮೊಬೈಲು, ಸಿಗ್ನಲ್ಲು ಎರಡೂ ಇದ್ದ ಮನೆಗಳಿಗಷ್ಟೇ ದಕ್ಕಿತು ಎಂಬುದನ್ನೂ.

ಅದೇ ವರ್ಷ ನವೆಂಬರಿನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಆರಂಭವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಆ ಗ್ರಂಥಾಲಯಗಳೇ ಈಗ ‘ಅರಿವು ಕೇಂದ್ರ’ಗಳು. ಈಚಿನ ವರ್ಷಗಳಲ್ಲಿ ಅಲ್ಲಿ ಬೇಸಿಗೆ ಶಿಬಿರವೂ ನಡೆಯುತ್ತದೆ: ಕಥೆ, ಚೆಸ್, ಕೇರಂ, ಕಾಗದದ ಗೊಂಬೆ. ಶುಲ್ಕವಿಲ್ಲ.

ಇನ್ನು 2024. ಹಿಂದಿನ ವರ್ಷ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಲಾಗಿತ್ತು. ಸುಪ್ರೀಂ ಕೋರ್ಟಿನ ಇಪ್ಪತ್ತು ವರ್ಷ ಹಿಂದಿನ ಆ ಆದೇಶಕ್ಕೆ ಮತ್ತೆ ಜೀವ ಬಂತು. ಏಪ್ರಿಲ್ 11ರಿಂದ ಮೇ 28ರವರೆಗೆ, ರಜೆಯ 41 ದಿನ, ಬರದ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ. ಸರಿ, ಜಗಳ ಶುರು. ನಮ್ಮ ರಜೆಯ ಗತಿಯೇನು ಎಂದು ಮೇಷ್ಟ್ರುಗಳು ಕೇಳಿದರು. ಸಾಲದ್ದಕ್ಕೆ ಅವರ ತಲೆಯ ಮೇಲೆ ಲೋಕಸಭಾ ಚುನಾವಣೆಯ ಕೆಲಸವೂ ಇತ್ತು. ಮಕ್ಕಳು ನೆಂಟರ ಮನೆಗೆ ಹೋಗಿದ್ದಾರೆ, ಉಣ್ಣುವವರು ಯಾರು ಎಂದು ಇನ್ನು ಕೆಲವರು. ಎರಡೂ ನ್ಯಾಯವಾದ ಮಾತೇ. ಆದರೆ ಹೋಗಲು ನೆಂಟರ ಮನೆ ಇಲ್ಲದ ಮಕ್ಕಳೂ ಇದ್ದಾರಲ್ಲ? ಅಪ್ಪಅಮ್ಮ ಬೆಳಿಗ್ಗೆಯೇ ಕೂಲಿಗೆ ಹೊರಟರೆ ಆ ಮಗುವಿಗೆ ರಜೆ ಎಂದರೆ ಖಾಲಿ ಮನೆ. ಅಂಥ ಮಗು ಅಣಿಯಾಗಲು ಬೇಕಾದದ್ದು ತೊಳೆದ ಒಂದು ಸ್ಟೀಲ್ ತಟ್ಟೆ. ಅಕ್ಕನಾದವಳು ತಮ್ಮನ ತಟ್ಟೆಯನ್ನೂ ಸೇರಿಸಿ ಕಂಕುಳಲ್ಲಿ ಅವುಚಿಕೊಂಡರೆ ತಯಾರಿ ಮುಗಿಯಿತು. ಉಂಡು, ನಲ್ಲಿಯಡಿ ತಟ್ಟೆ ತೊಳೆದ ಮೇಲೆ ಮಾತ್ರ ಮಾಡಲು ಏನೂ ಇರಲಿಲ್ಲ.

ಊಟ ಶಿಕ್ಷಣ ಇಲಾಖೆಯದು, ಅರಿವು ಕೇಂದ್ರ ಪಂಚಾಯಿತಿಯದು. ಎರಡು ಕಡತ, ಎರಡು ಕಚೇರಿ. ಊಟವಿದ್ದಲ್ಲಿ ಆಟವಿಲ್ಲ, ಆಟವಿದ್ದಲ್ಲಿ ಊಟವಿಲ್ಲ. ಯಗಟಿ ಹೋಬಳಿಯ ಪಂಚಾಯಿತಿ ಸದಸ್ಯರಲ್ಲಿ ಒಂದು ಮನವಿ: ಮುಂದಿನ ಮಾರ್ಚ್ ತಿಂಗಳ ಸಭೆಯಲ್ಲಿ ಈ ಎರಡನ್ನೂ ಒಂದೇ ಸೂರಿನಡಿ ತರುವ ಠರಾವು ಮಾಡಿ ಕಳಿಸಿ, ಬರ ಬಂದ ವರ್ಷ ಮಾತ್ರವಲ್ಲ, ಪ್ರತಿ ವರ್ಷಕ್ಕೂ. ಬಿಸಿಲೇರುವ ಮೊದಲೇ, ಬೆಳಿಗ್ಗೆ ಎಂಟಕ್ಕೆ ಶುರುಮಾಡಿ. ಮೇಷ್ಟ್ರುಗಳ ರಜೆ ಅವರಿಗಿರಲಿ. ಊರಲ್ಲಿ ಕೋಲಾಟ, ಭಜನೆ, ಬುಟ್ಟಿ ಹೆಣಿಗೆ ಬಲ್ಲವರಿದ್ದಾರೆ, ಅವರನ್ನು ಕರೆಯಿರಿ. ಸರ್ಟಿಫಿಕೇಟು ಮಾತ್ರ ಅಚ್ಚು ಹಾಕಿಸಬೇಡಿ, ದಯವಿಟ್ಟು.