ಬ್ರೈನ್ ಟ್ಯೂಮರ್ ಬರುತ್ತಾ ಇಲ್ವಾ ಅಂತ ರಕ್ತ ಪರೀಕ್ಷೆಯಲ್ಲೇ ಗೊತ್ತಾಗುತ್ತಾ? ದುಡ್ಡು ಕೊಡುವ ಮುಂಚೆ ಇದನ್ನ ಓದಿ

ಮನೆಯಲ್ಲಿ ಒಬ್ಬರಿಗೆ ಬ್ರೈನ್ ಟ್ಯೂಮರ್ ಅಂತ ಗೊತ್ತಾದ ಕೂಡಲೇ ಉಳಿದವರನ್ನ ಕಾಡೋ ಪ್ರಶ್ನೆ, ಇದು ನಮ್ಮ ರಕ್ತದಲ್ಲೇ ಇದೆಯಾ, ಮಕ್ಕಳಿಗೂ ಬರುತ್ತಾ ಅನ್ನೋದು. "ಅವರ ವಂಶದಲ್ಲೇ ಗಡ್ಡೆ ಕಾಯಿಲೆ ಇದೆಯಂತೆ" ಅನ್ನೋ ಒಂದು ಮಾತಿಗೆ ಹೆಣ್ಣುಮಕ್ಕಳಿಗೆ ಬಂದ ಸಂಬಂಧ ವಾಪಸ್ ಹೋಗುವುದೂ ಉಂಟು. ಇದರ ಜೊತೆಗೆ ಒಂದು ಟ್ಯೂಬ್ ರಕ್ತ ಕೊಟ್ಟರೆ ಮುಂದೆ ಬರುವ ರೋಗ ಈಗಲೇ ಹೇಳ್ತೀವಿ ಅನ್ನುವ ಡಿಎನ್‌ಎ ಟೆಸ್ಟ್ ಜಾಹೀರಾತುಗಳು ಮೊಬೈಲ್ ತೆರೆದರೆ ಸಾಕು ಕಾಣುತ್ತವೆ.

ಇದರಲ್ಲಿ ನಿಜ ಎಷ್ಟು? ಯಾರಿಗೆ ಇಂಥ ಟೆಸ್ಟ್ ಉಪಯೋಗ, ಯಾರಿಗೆ ಬರೀ ಖರ್ಚು? ಒಂದೊಂದಾಗಿ ನೋಡೋಣ.

ಮೆದುಳಿನ ಕಾಯಿಲೆಗೆ ರಕ್ತ ಯಾಕೆ?

ರಕ್ತದ ಬಿಳಿ ಕಣಗಳಲ್ಲಿ ಡಿಎನ್‌ಎ ಇರುತ್ತದೆ. ಅಪ್ಪ ಅಮ್ಮನಿಂದ ಬಂದ ಈ ಡಿಎನ್‌ಎ ಮೈಯ ಎಲ್ಲಾ ಭಾಗದಲ್ಲೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಹುಟ್ಟಿನಿಂದ ಬಂದದ್ದನ್ನು ನೋಡಲು ಮೆದುಳು ಮುಟ್ಟಬೇಕಿಲ್ಲ, ತೋಳಿನಿಂದ ತೆಗೆದ ರಕ್ತ ಸಾಕು.

ಆದರೆ ಗಡ್ಡೆಯೊಳಗೆ ಆಗುವ ಡಿಎನ್‌ಎ ಬದಲಾವಣೆ ಬೇರೆ. ಅದು ಆಮೇಲೆ ಆ ಜಾಗದ ಕೋಶಗಳಲ್ಲಿ ಮಾತ್ರ ಆದದ್ದು, ಮಕ್ಕಳಿಗೆ ಹೋಗುವುದಿಲ್ಲ. ಐಡಿಎಚ್ ಬದಲಾವಣೆ ಇದೆ ಅಂತ ಆಪರೇಷನ್ ಆದ ಮೇಲೆ ಬರುವ ಬಯಾಪ್ಸಿ ರಿಪೋರ್ಟಿನಲ್ಲಿ ಬರೆದಿದ್ದರೆ ಅದು ಗಡ್ಡೆಯ ವಿಷಯ, ವಂಶದ್ದಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಭಯ ಬೀಳುವವರೇ ಜಾಸ್ತಿ.

ಸಂಶೋಧಕರಿಗೆ ಸಿಕ್ಕಿದ್ದೇನು?

ಮೆದುಳಿನ ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳಿಂದ ಬರುವ ಗಡ್ಡೆಗೆ ಗ್ಲಿಯೋಮಾ ಅಂತಾರೆ. ಇದರಲ್ಲಿ ತುಂಬಾ ಅಪಾಯಕಾರಿ ಗ್ಲಿಯೋಬ್ಲಾಸ್ಟೋಮಾ.

2009ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಶೋಧಕರು ಸಾವಿರಾರು ಗ್ಲಿಯೋಮಾ ರೋಗಿಗಳ ಡಿಎನ್‌ಎಯನ್ನು ಆರೋಗ್ಯವಂತರ ಡಿಎನ್‌ಎ ಜೊತೆ ಹೋಲಿಸಿ ನೋಡಿದರು. ರೋಗಿಗಳಲ್ಲಿ ಕೆಲವು ಕಡೆ ಒಂದೊಂದು ಅಕ್ಷರದ ವ್ಯತ್ಯಾಸ ಹೆಚ್ಚಾಗಿ ಕಂಡಿತು. ಅಂಥ 5 ಜಾಗ ಆಗ ಸಿಕ್ಕವು. 2017ರಲ್ಲಿ 12 ಸಾವಿರಕ್ಕೂ ಹೆಚ್ಚು ರೋಗಿಗಳು ಮತ್ತು 18 ಸಾವಿರಕ್ಕೂ ಹೆಚ್ಚು ಆರೋಗ್ಯವಂತರನ್ನು ಹೋಲಿಸಿದ ದೊಡ್ಡ ಅಧ್ಯಯನದಲ್ಲಿ ಇನ್ನೂ 13 ಹೊಸ ಜಾಗಗಳು ಸೇರಿದವು. ಇವನ್ನೇ ಜೆನೆಟಿಕ್ ಮಾರ್ಕರ್ ಅನ್ನುವುದು.

ಇವುಗಳಲ್ಲಿ ಟರ್ಟ್ ಮತ್ತು ಆರ್‌ಟಿಇಎಲ್1 ಅನ್ನುವ ಜೀನ್‌ಗಳ ಹತ್ತಿರದವು ಮುಖ್ಯ. ಶೂ ಲೇಸಿನ ತುದಿಗೆ ಪ್ಲಾಸ್ಟಿಕ್ ಇರುವ ಹಾಗೆ ಕ್ರೋಮೋಸೋಮ್ ತುದಿಗೂ ಟೆಲೋಮಿಯರ್ ಅನ್ನುವ ಕವಚ ಇರುತ್ತದೆ. ಕೋಶ ಒಡೆದಾಗಲೆಲ್ಲ ಅದು ಸವೆಯುತ್ತಾ ಹೋಗಿ, ಕೊನೆಗೆ ಕೋಶ ಒಡೆಯುವುದೇ ನಿಲ್ಲುತ್ತದೆ. ಈ ಎರಡೂ ಜೀನ್ ಆ ಕವಚವನ್ನು ನೋಡಿಕೊಳ್ಳುತ್ತವೆ. ಕವಚ ಉದ್ದವಿದ್ದವರಲ್ಲಿ ಗ್ಲಿಯೋಮಾ ಅಪಾಯ ಸ್ವಲ್ಪ ಜಾಸ್ತಿ ಅಂತ ಕಂಡುಬಂದಿದೆ. ಕೋಶ ಹೆಚ್ಚು ಕಾಲ ಒಡೆಯುತ್ತಾ ಇದ್ದರೆ ತಪ್ಪು ಸೇರಿಕೊಳ್ಳಲು ಅವಕಾಶವೂ ಹೆಚ್ಚು ಅನ್ನೋದು ಇದಕ್ಕೆ ಕೊಡುವ ವಿವರಣೆ.

8ನೇ ಕ್ರೋಮೋಸೋಮಿನ ಒಂದು ಮಾರ್ಕರ್ ಮಾತ್ರ ಉಳಿದವುಗಳಿಗಿಂತ ಬಲವಾದದ್ದು. ಕೆಲವು ಬಗೆಯ ಗ್ಲಿಯೋಮಾಗಳ ಅಪಾಯವನ್ನು ಇದು ಸುಮಾರು 6 ಪಟ್ಟು ಏರಿಸುತ್ತದೆ ಅಂತ 2012ರಲ್ಲಿ ವರದಿಯಾಯಿತು.

6 ಪಟ್ಟು ಅಂದ್ರೆ ಗಾಬರಿ ಬೀಳಬೇಕಾ?

ಇಲ್ಲಿ ಲೆಕ್ಕ ಸರಿಯಾಗಿ ಹಾಕಬೇಕು. ಅಮೆರಿಕದಲ್ಲಿ ಗ್ಲಿಯೋಬ್ಲಾಸ್ಟೋಮಾ ಬರುವುದು ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಸುಮಾರು 3 ಜನರಿಗೆ. ಹೆಚ್ಚಿನ ಮಾರ್ಕರ್‌ಗಳು ಅಪಾಯವನ್ನು ಒಂದೂವರೆ ಪಟ್ಟಿಗಿಂತ ಹೆಚ್ಚು ಏರಿಸುವುದಿಲ್ಲ. ಅಂದರೆ ಲಕ್ಷಕ್ಕೆ 3 ಇದ್ದದ್ದು 4 ಅಥವಾ ನಾಲ್ಕೂವರೆ ಆಗಬಹುದು. ಮಾರ್ಕರ್ ಇದ್ದರೂ ಲಕ್ಷದಲ್ಲಿ 99 ಸಾವಿರಕ್ಕೂ ಹೆಚ್ಚು ಜನರಿಗೆ ಆ ವರ್ಷ ಏನೂ ಆಗುವುದಿಲ್ಲ. 6 ಪಟ್ಟಿನ ಮಾರ್ಕರ್ ಸಂಬಂಧಪಟ್ಟಿರುವುದು ಇದಕ್ಕಿಂತಲೂ ಅಪರೂಪದ ಗಡ್ಡೆಗಳಿಗೆ. ಸಣ್ಣ ಸಂಖ್ಯೆಯನ್ನು 6ರಿಂದ ಗುಣಿಸಿದರೂ ಬರುವುದು ಸಣ್ಣ ಸಂಖ್ಯೆಯೇ.

ಅಂಗಡಿ ಇಟ್ಟವರಿಗೆ ಅರ್ಥ ಆಗೋ ಒಂದು ಉದಾಹರಣೆ. ನೋಟು ಎಣಿಸುವ ಮಷೀನು 100 ಒಳ್ಳೆ ನೋಟಿನಲ್ಲಿ ಒಂದನ್ನು ತಪ್ಪಾಗಿ ಖೋಟಾ ಅಂತ ಹೇಳುತ್ತದೆ ಅಂದುಕೊಳ್ಳಿ. ಒಂದು ಲಕ್ಷ ನೋಟು ಹಾಕಿದ್ದೀರಿ, ಅದರಲ್ಲಿ ನಿಜವಾಗಿ ಖೋಟಾ ಇರುವುದು 3. ಮಷೀನು ಆ ಮೂರನ್ನೂ ಹಿಡಿಯಿತು ಅಂತಲೇ ಇಟ್ಟುಕೊಂಡರೂ, ಅದರ ಜೊತೆ ಸುಮಾರು 1000 ಒಳ್ಳೆ ನೋಟಿಗೂ ಕೂಗಿಕೊಳ್ಳುತ್ತದೆ. ಅಪರೂಪದ ಕಾಯಿಲೆಗೆ ಎಲ್ಲರಿಗೂ ಟೆಸ್ಟ್ ಮಾಡಿದರೆ ಆಗುವುದೂ ಇದೇ. ಆ ಸಾವಿರ ಜನ ಎಂಆರ್‌ಐ, ಓಡಾಟ, ನಿದ್ದೆ ಇಲ್ಲದ ರಾತ್ರಿ ಎಲ್ಲಾ ಸುಮ್ಮನೆ ಅನುಭವಿಸಬೇಕು.

ಇನ್ನೊಂದು ವಿಷಯ, ಈ ಅಧ್ಯಯನಗಳಲ್ಲಿ ಇದ್ದವರಲ್ಲಿ ಬಹುಪಾಲು ಯುರೋಪ್ ಮೂಲದವರು. ಅದೇ ಲೆಕ್ಕ ನಮ್ಮವರಿಗೆ ಹಾಗೇ ಹೊಂದಬೇಕು ಅಂತಿಲ್ಲ. ಈ ಕೊರತೆ ತುಂಬಲು ನಡೆದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದ ಬೇರೆಬೇರೆ ಸಮುದಾಯಗಳ 10 ಸಾವಿರ ಜನರ ಡಿಎನ್‌ಎ ಓದಲಾಗಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರವೇ ಇದರ ಮುಂದಾಳು. ಇದರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತವಾಯಿತು.

ಹಾಗಾದ್ರೆ ಟೆಸ್ಟ್ ಯಾರಿಗೂ ಬೇಡವಾ?

ಹಾಗಲ್ಲ. ಕೆಲವು ಕುಟುಂಬಗಳಿಗೆ ಇದು ಜೀವ ಉಳಿಸುವ ಟೆಸ್ಟ್. ಅಲ್ಲಿ ನೋಡುವುದು ಮೇಲೆ ಹೇಳಿದ ಸಣ್ಣ ಮಾರ್ಕರ್‌ಗಳನ್ನಲ್ಲ, ಪೂರ್ತಿ ಕೆಟ್ಟ ಒಂದು ಜೀನನ್ನು.

ಲಿ-ಫ್ರೌಮೆನಿ ಸಿಂಡ್ರೋಮ್: ಟಿಪಿ53 ಜೀನ್ ಕೆಟ್ಟಿರುತ್ತದೆ. ಒಂದೇ ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಸ್ತನ, ಮೂಳೆ, ಸ್ನಾಯು, ಮೆದುಳಿನ ಕ್ಯಾನ್ಸರ್‌ಗಳು ಕಾಣಿಸಿಕೊಳ್ಳುತ್ತವೆ. ಈ ಜೀನ್ ಇದ್ದವರಿಗೆ ವರ್ಷಕ್ಕೊಮ್ಮೆ ಮೆದುಳಿನ ಎಂಆರ್‌ಐ ಸೇರಿದಂತೆ ತಪಾಸಣೆ ಮಾಡಿ, ಗಡ್ಡೆ ಚಿಕ್ಕದಿದ್ದಾಗಲೇ ಹಿಡಿಯುವ ಪದ್ಧತಿ ಇದೆ.

ನ್ಯೂರೋಫೈಬ್ರೊಮಟೋಸಿಸ್ 1: ಸುಮಾರು 3000 ಮಕ್ಕಳಲ್ಲಿ ಒಬ್ಬರಿಗೆ. ಮೈಮೇಲೆ ಕಾಫಿ ಬಣ್ಣದ ಹಲವು ಮಚ್ಚೆ, ಆಮೇಲೆ ಚರ್ಮದ ಕೆಳಗೆ ಮೆತ್ತನೆ ಗಂಟು ಬರುತ್ತವೆ. ಕೆಲವು ಮಕ್ಕಳಿಗೆ ಕಣ್ಣಿನ ನರದ ಮೇಲೆ ಗಡ್ಡೆ ಬರುವುದರಿಂದ ಕಣ್ಣಿನ ತಪಾಸಣೆ ತಪ್ಪಿಸಬಾರದು.

ನ್ಯೂರೋಫೈಬ್ರೊಮಟೋಸಿಸ್ 2: ಇನ್ನೂ ಅಪರೂಪ. ಎರಡೂ ಕಿವಿಯ ನರದ ಮೇಲೆ ಗಡ್ಡೆ ಬಂದು ಕಿವಿ ಮಂದವಾಗುತ್ತದೆ.

ಇವುಗಳಲ್ಲಿ ಯಾವುದೇ ಇದ್ದರೂ ಪ್ರತಿ ಮಗುವಿಗೂ ಆ ಜೀನ್ ಹೋಗುವ ಸಾಧ್ಯತೆ ಶೇ 50. ತಾಯಿ ಕಡೆಯಿಂದ ಮಾತ್ರ ಅಂತೇನಿಲ್ಲ, ತಂದೆಯಿಂದಲೂ ಹೋಗಬಹುದು. ಎನ್‌ಎಫ್1 ಇದ್ದವರಲ್ಲಿ ಅರ್ಧದಷ್ಟು ಜನರ ಅಪ್ಪ ಅಮ್ಮ ಇಬ್ಬರಿಗೂ ಕಾಯಿಲೆ ಇರುವುದಿಲ್ಲ, ಬದಲಾವಣೆ ಆ ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಹಾಗಾಗಿ ಸೊಸೆಯನ್ನು ದೂರುವುದರಲ್ಲಿ ಅರ್ಥ ಇಲ್ಲ.

ಇಂಥ ಕುಟುಂಬಗಳು ಕಡಿಮೆ. ಬಹುಪಾಲು ಗ್ಲಿಯೋಮಾ ರೋಗಿಗಳ ಮನೆಯಲ್ಲಿ ಬೇರೆ ಯಾರಿಗೂ ಆ ಕಾಯಿಲೆ ಇರುವುದಿಲ್ಲ. ಒಬ್ಬರಿಗೆ ಬಂದಿದೆ ಅನ್ನುವ ಕಾರಣಕ್ಕೇ ಮದುವೆ ಸಂಬಂಧ ಬಿಡುವುದಕ್ಕೆ ವೈದ್ಯಕೀಯವಾಗಿ ಆಧಾರ ಇಲ್ಲ.

ಟೆಸ್ಟ್ ಮಾಡಿಸುವ ಮುಂಚೆ ಏನು ಕೇಳಬೇಕು?

1. ಇದು ಒಂದೇ ಜೀನಿನ ಕಾಯಿಲೆ ನೋಡುವ ಟೆಸ್ಟಾ, ಅಥವಾ ಸಣ್ಣ ಸಣ್ಣ ಮಾರ್ಕರ್ ಕೂಡಿಸಿ ಅಂಕ ಕೊಡುವ ಟೆಸ್ಟಾ?

2. ಪಾಸಿಟಿವ್ ಬಂದರೆ ಮುಂದೇನು ಮಾಡ್ತೀರಿ? ಇದಕ್ಕೆ ಉತ್ತರ ಇಲ್ಲ ಅಂದ್ರೆ ಟೆಸ್ಟಿಗೂ ಅವಸರ ಇಲ್ಲ.

3. ಮನೆಯಲ್ಲಿ ಕಾಯಿಲೆ ಬಂದವರಿಗೆ ಮೊದಲು ಟೆಸ್ಟ್ ಮಾಡಬಹುದಾ? ಅವರಲ್ಲಿ ಕೆಟ್ಟ ಜೀನ್ ಸಿಕ್ಕರೆ ಮಾತ್ರ ಉಳಿದವರಲ್ಲಿ ಅದನ್ನೇ ಹುಡುಕುವುದು ಸುಲಭ.

4. ರಿಪೋರ್ಟ್ ಬಿಡಿಸಿ ಹೇಳಲು ಜೆನೆಟಿಕ್ ಕೌನ್ಸೆಲರ್ ಅಥವಾ ತಜ್ಞ ವೈದ್ಯರು ಇದ್ದಾರಾ?

ಯಾವಾಗ ತಡ ಮಾಡಬಾರದು?

ಟೆಸ್ಟಿಗಿಂತ ಲಕ್ಷಣ ಗಮನಿಸುವುದು ಮುಖ್ಯ. ದೊಡ್ಡವರಿಗೆ ಮೊದಲ ಸಲ ಮೂರ್ಛೆ ಬರುವುದು, ಬೆಳಿಗ್ಗೆ ಹೆಚ್ಚಾಗುವ ಹೊಸ ತಲೆನೋವು ಜೊತೆಗೆ ವಾಂತಿ, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು, ಸ್ವಭಾವವೇ ಬದಲಾಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕೈಕಾಲು ಅಥವಾ ಮಾತು ಇದ್ದಕ್ಕಿದ್ದಂತೆ ಹೋದರೆ ಅದು ಪಾರ್ಶ್ವವಾಯು ಇರಬಹುದು, ಒಂದು ನಿಮಿಷವೂ ಕಾಯಬಾರದು.

ಹಾಗಂತ ಎಲ್ಲಾ ತಲೆನೋವೂ ಗಡ್ಡೆ ಅಲ್ಲ, ಹೆಚ್ಚಿನವು ಮೈಗ್ರೇನ್ ಅಥವಾ ಒತ್ತಡದ್ದು. ಸ್ಕ್ಯಾನಿನಲ್ಲಿ ಕಂಡ ಚುಕ್ಕೆಯೆಲ್ಲಾ ಕ್ಯಾನ್ಸರ್ ಕೂಡ ಅಲ್ಲ. ನಮ್ಮ ದೇಶದಲ್ಲಿ ಲಾಡಿಹುಳದ ಮರಿಯಿಂದ ಅಥವಾ ಟಿಬಿಯಿಂದಲೂ ಮೆದುಳಿನಲ್ಲಿ ಅಂಥ ಗಂಟು ಆಗುತ್ತದೆ, ಅದಕ್ಕೆ ಔಷಧಿ ಇದೆ.

ಮೊದಲು ಹೋಗಬೇಕಾದ್ದು ತಾಲ್ಲೂಕು ಆಸ್ಪತ್ರೆ ಅಥವಾ ಜಿಲ್ಲಾಸ್ಪತ್ರೆಗೆ. ಅಲ್ಲಿಂದ ಬರೆದುಕೊಟ್ಟರೆ ನರರೋಗಕ್ಕೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ, ಎರಡೂ ಬೆಂಗಳೂರಿನಲ್ಲೇ ಇವೆ. ಹೋಗುವಾಗ ಹಳೆಯ ಸ್ಕ್ಯಾನ್ ಫಿಲ್ಮು, ಬಯಾಪ್ಸಿ ರಿಪೋರ್ಟು ಜೊತೆಗೆ ಮನೆಯಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಬಂದಿತ್ತು ಅನ್ನೋದನ್ನ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಜೀನ್ ಟೆಸ್ಟ್ ಬೇಕಾ ಬೇಡವಾ ಅಂತ ವೈದ್ಯರು ತೀರ್ಮಾನಿಸುವುದು ಮೊದಲು ಆ ಹಾಳೆ ನೋಡಿಯೇ.